ಕಾಲಿಲ್ಲದ ಸವತಿ

ನಾನು ಮದುವೆಯಾಗಿ ಇಂಡಿಗೆ ಬಂದಾಗ ಆ ಮನೆಯಲ್ಲಿ ನನಗಿಂತ ಮೊದಲೇ ಒಬ್ಬಳು ಬಂದು ಕೂತಿದ್ದಳು. ಅವಳಿಗೆ ಕಾಲಿರಲಿಲ್ಲ, ಬಾಯಿದ್ದರೂ ಮಾತಿರಲಿಲ್ಲ, ಊಟ ತಿಂಗಳಿಗೆ ಒಂದೋ ಎರಡೋ ಸಲ. ಅಂಥ ಸೊಸೆ ಯಾವ ಅತ್ತೆಗೆ ಬೇಡ? ನಮ್ಮ ಅತ್ತೆ ನನ್ನನ್ನು ಬಯ್ಯುವಾಗಲೆಲ್ಲ ಮೂಲೆಯ ಬುಟ್ಟಿಯ ಕಡೆ ಕೈ ಮಾಡಿ, "ಅದನ್ನ ನೋಡಿ ಕಲಿ. ಒಂದ ದಿನಾರ ಎದುರ ಮಾತಾಡೇತೇನು?" ಅನ್ನುತ್ತಿದ್ದರು.

ಅದು ಹೆಬ್ಬಾವು. ನನ್ನ ಗಂಡ ಸಾಕಿದ ಹೆಣ್ಣು ಹೆಬ್ಬಾವು. ಸಂಬಂಧ ಕೇಳಿಕೊಂಡು ನಮ್ಮೂರು ಅಗರಖೇಡಕ್ಕೆ ಬಂದವರು ಹುಡುಗನ ಬಗ್ಗೆ ಎಲ್ಲವನ್ನೂ ಹೇಳಿದ್ದರು. ಹಲ್ಲುಪುಡಿಯ ವ್ಯಾಪಾರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಹೀಗೆ ನಾಲ್ಕು ಊರಿನ ಸಂತೆ ಕೈಯಲ್ಲಿದೆ, ಕುಡಿತವಿಲ್ಲ, ತಂಬಾಕು ಕೂಡ ಮುಟ್ಟುವುದಿಲ್ಲ. ಹಾವಿನ ಮಾತನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ಕೌದಿಯನ್ನು ಮಡಿಸಲು ಹೋಗಿ ನಾನು ಹಾಕಿದ ಕೂಗಿಗೆ ಓಣಿಯೆಲ್ಲ ಬಂದು ಬಾಗಿಲಲ್ಲಿ ನಿಂತಿತು. ಕೌದಿಯೊಳಗೆ ಅದು ಸುತ್ತಿಕೊಂಡು ಮಲಗಿತ್ತು. ಇವರು ಹಿತ್ತಲಿನಿಂದ ಓಡಿ ಬಂದರು. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅದನ್ನು ಎತ್ತಿ ಎದೆಗೆ ಒತ್ತಿಕೊಂಡು, "ಎಷ್ಟ ಹೆದರೇತಿ ನೋಡು ಪಾಪ" ಅಂದರು. ಹೆದರಿದ್ದು ಅದಂತೆ! ಆವತ್ತೇ ನಾನು ಅದಕ್ಕೆ ಸವತಿ ಅಂತ ಹೆಸರಿಟ್ಟೆ.

ಅದು ಬಂದ ಕಥೆಯನ್ನು ಇವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಇಂಡಿಯಲ್ಲಿ ಬಿದಿರು ಮಾರುವ ಗೆಳೆಯನೊಬ್ಬನಿದ್ದ. ದಾಂಡೇಲಿ ಕಡೆಯಿಂದ ಬಂದ ಲಾರಿಯಿಂದ ಬಿದಿರು ಇಳಿಸುವಾಗ ಒಂದು ಗಳದ ಸಂದಿಯಿಂದ ಮೊಳದುದ್ದದ ಮರಿ ಬಿತ್ತು. ಹಮಾಲರು ಹೊಡೆಯಲು ಹೋದಾಗ ಇವರು ತಲೆಯ ಮೇಲಿನ ಟೋಪಿ ತೆಗೆದು ಅದರಲ್ಲಿ ಹಾಕಿಕೊಂಡು ಮನೆಗೆ ತಂದರು. ಅದು ಇವರ ಕೈಯಲ್ಲೇ ಬೆಳೆಯಿತು. ನಾನು ಬರುವ ಹೊತ್ತಿಗೆ ತೊಡೆಯಷ್ಟು ದಪ್ಪವಾಗಿತ್ತು.

ನಮ್ಮದು ಮೊಟ್ಟೆಯನ್ನೂ ಮನೆಯೊಳಗೆ ತರದ ಮನೆತನ. ಆದರೆ ಅದಕ್ಕೆ ಹೊಟ್ಟೆ ತುಂಬಬೇಕಲ್ಲ. ಅಡತಿ ಅಂಗಡಿಯ ಸಾಹುಕಾರರು ಕಾಳಿನ ಚೀಲದ ಹಿಂದೆ ಇಲಿಬೋನು ಇಡುತ್ತಿದ್ದರು, ಅದರ ಊಟದ ದಿನ ಬಿದ್ದ ಇಲಿಗಳನ್ನು ಬೋನಿನ ಸಮೇತ ನಮ್ಮ ಮನೆಗೆ ಕಳಿಸುತ್ತಿದ್ದರು. ಬೇರೆಯವರ ಮನೆಗೆ ಬೆಳಗಾದರೆ ಹಾಲು ಬರುತ್ತಿತ್ತು, ನಮ್ಮ ಮನೆಗೆ ಇಲಿ ಬರುತ್ತಿತ್ತು. ತವರಿನಿಂದ ಯಾರಾದರೂ ಬಂದಾಗಲೇ ಆ ಬೋನು ಬರುವುದು. ನಾನು ಸೆರಗಿನಿಂದ ಮುಚ್ಚಿ ಹಿತ್ತಲಿಗೆ ಒಯ್ದು ಇಟ್ಟು, ಕೈ ತೊಳೆದು, ಮುಖ ಗಂಟು ಹಾಕಿಕೊಂಡು ಒಳಗೆ ಬರುತ್ತಿದ್ದೆ. ಇವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೂ ಒಂದು ಸಲ ಸಿಂದಗಿಯ ಸಂತೆಗೆ ಜೊತೆಗೆ ಹೋದೆ. ಬಸ್ಸಿನಲ್ಲಿ ಅದನ್ನು ಕೌದಿಯಲ್ಲಿ ಸುತ್ತಿ, ಮೇಲೆ ಜಮಖಾನೆ ಹೊದಿಸಿ, ಹಗ್ಗ ಕಟ್ಟಿ ಹಾಸಿಗೆ ಅಂತ ಒಯ್ಯುತ್ತಿದ್ದರು. ಕಂಡಕ್ಟರರಿಗೆಲ್ಲ ಗೊತ್ತಿತ್ತು. "ಹಾಸಿಗಿ ಉಂಡೈತೇನ್ರಿ ಇವತ್ತ?" ಅಂತ ಕೇಳುತ್ತಿದ್ದರು. ಸಂತೆಯಲ್ಲಿ ಇವರು ಗೋಣಿತಟ್ಟು ಹಾಸಿ, ಹಲ್ಲುಪುಡಿಯ ಪೊಟ್ಟಣಗಳನ್ನು ಸಾಲಾಗಿ ಇಟ್ಟು, ನಾನು ಬಣ್ಣದಲ್ಲಿ ಬರೆದುಕೊಟ್ಟ ಬೋರ್ಡನ್ನು ನಿಲ್ಲಿಸಿದರು. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ನನ್ನ ಅಕ್ಷರ ಚಂದ. ಆಮೇಲೆ ಹಾಸಿಗೆ ಬಿಚ್ಚಿದರು. ಅದನ್ನು ಹೆಗಲ ಮೇಲೆ ಹಾಕಿಕೊಂಡು, ಎರಡು ಬೆರಳಿನಿಂದ ಮೆಲ್ಲಗೆ ಅದರ ಬಾಯಿ ಬಿಡಿಸಿ ಕೂಗಿದರು:

"ನೋಡ್ರಿ, ನೋಡ್ರಿ! ಮ್ಯಾಲ ಹಲ್ಲ, ಕೆಳಗ ಹಲ್ಲ, ಒಳಗೂ ಹಲ್ಲ! ಒಂದಕ್ಕಾರ ಹುಳಾ ಹತ್ತೇತೇನು? ಇದು ಪುಡಿ ಹಚ್ಚಿ ತಿಕ್ಕಂಗಿಲ್ಲ, ಯಾಕಂದ್ರ ಇದಕ್ಕ ಕೈ ಇಲ್ಲ. ನಿಮಗ ದೇವ್ರು ಕೈ ಕೊಟ್ಟಾನಲ್ರಿ!"

ಜನ ಬಿದ್ದು ಬಿದ್ದು ನಕ್ಕರು. ಹೆಂಗಸರು ಮಕ್ಕಳ ಕೈ ಹಿಡಿದು ಅದರ ಬೆನ್ನಿಗೆ ಮುಟ್ಟಿಸಿದರು. ಅಷ್ಟು ಜನ, ಅಷ್ಟು ಕೈ, ಅಷ್ಟು ಗದ್ದಲ, ಅದು ಒಂದು ಸಲವೂ ತಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮನುಷ್ಯರೆಂದರೆ ಬೆಚ್ಚಗಿನ ಕೈ ಅಂತ ಮಾತ್ರ ಅದಕ್ಕೆ ಗೊತ್ತಿತ್ತು. ನಾನು ಆವತ್ತು ಇವರ ಮುಖ ನೋಡಿದೆ. ಪುಡಿ ಮಾರುವುದು ಬರೀ ನೆಪ. ಇಷ್ಟು ಚಂದದ್ದು ನನ್ನ ಹತ್ತಿರ ಇದೆ, ಬಂದು ನೋಡಿ ಅಂತ ನಾಲ್ಕು ಊರಿಗೆ ತೋರಿಸುವ ಹುಚ್ಚು ಅದು. ನಮ್ಮ ದಾಯಾದಿಗಳು ಇವರನ್ನು ಹಾವಾಡಿಗ ಅಂತ ಹಂಗಿಸುತ್ತಿದ್ದರು, ಇವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಆ ಹಾಸಿಗೆ ನನ್ನ ತೊಡೆಯ ಮೇಲಿತ್ತು. ನಾನೇ ಇಡಿಸಿಕೊಂಡಿದ್ದೆ.

ನಾನು ಬಸಿರಾದಾಗ ಹೊಸ ತಾಪತ್ರಯ ಶುರುವಾಯಿತು. ಬಸುರಿಯ ಮುಖ ಕಂಡರೆ ಹಾವಿನ ಕಣ್ಣು ಹೋಗುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಅತ್ತೆ ಅದನ್ನು ನೆನಪಿಸಿದ್ದೇ ತಡ, ಇವರು ಬುಟ್ಟಿಯನ್ನು ಹಿತ್ತಲ ಕೋಣೆಗೆ ಒಯ್ದು ಬಾಗಿಲು ಹಾಕಿದರು.

"ನೀ ಆ ಕಡಿ ಹೋಗಬ್ಯಾಡ" ಅಂದರು.

ನನ್ನ ಮೇಲೆ ಇಷ್ಟು ಕಾಳಜಿ ಯಾವಾಗ ಬಂತು ಅಂತ ಹಿಗ್ಗಿದೆ. "ನನಗೇನ ಆಗ್ತೈತ್ರಿ ಹೋದ್ರ?"

"ನಿನಗೇನೂ ಆಗೂದಿಲ್ಲ. ಅದರ ಕಣ್ಣ ಹೋಗ್ತಾವ."

ಎರಡು ದಿನ ಇವರ ಜೊತೆ ಮಾತು ಬಿಟ್ಟೆ. ಮುಂದೆ ಒಂದು ವಾರಕ್ಕೆ ನಿಜವಾಗಿಯೂ ಅದರ ಕಣ್ಣು ಮಂಜಾಗಿ ನೀಲಿ ತಿರುಗಿದವು. ಅತ್ತೆ ನನ್ನನ್ನು ಕೆಕ್ಕರಿಸಿ ನೋಡಿದರು. ಅದು ಪೊರೆ ಬಿಡುವ ಮೊದಲು ಯಾವಾಗಲೂ ಹಾಗೇ ಆಗುತ್ತದೆ ಅಂತ ಇವರಿಗೆ ಗೊತ್ತಿತ್ತು, ಆದರೂ ಗೊತ್ತಿಲ್ಲದವರಂತೆ ನನ್ನ ಕಡೆ ನೋಡಿ, ಮೀಸೆಯಡಿ ನಗುತ್ತ ಸುಮ್ಮನಿದ್ದರು. ಪೊರೆ ಬಿಟ್ಟ ಮೇಲೆ ಕಣ್ಣು ತಿಳಿಯಾದವು. ಕೋಣೆಯ ಬಾಗಿಲು ಮಾತ್ರ ನನಗೆ ಮುಚ್ಚಿಯೇ ಇತ್ತು.

ಅದೇ ದಿನಗಳಲ್ಲಿ ಕಾಯಿದೆಯ ಮಾತು ಬಂತು. ಕಾಡುಪ್ರಾಣಿಗಳನ್ನು ಹಿಡಿಯಬಾರದು, ಇಟ್ಟುಕೊಳ್ಳಬಾರದು, ಮಾರಬಾರದು ಅಂತ ದಿಲ್ಲಿಯಲ್ಲಿ ಕಾಯಿದೆಯಾಗಿ ಆಗಲೇ ಕೆಲವು ವರ್ಷ ಆಗಿತ್ತಂತೆ. ನಮಗೆ ಗೊತ್ತಾಗಿದ್ದು ತುರ್ತು ಪರಿಸ್ಥಿತಿ ಬಂದಾಗ. ಆಗ ಸರಕಾರದ ಮನುಷ್ಯ ಕೆಮ್ಮಿದರೂ ಜನ ಎದ್ದು ನಿಲ್ಲುವ ಕಾಲ. ಮೊದಲು ಬಸವನ ಬಾಗೇವಾಡಿಯ ಸಂತೆಯಲ್ಲಿ ಉಡದ ಎಣ್ಣೆ ಮಾರುವವನನ್ನು ಎಬ್ಬಿಸಿ ಕಳಿಸಿದರು. ಅವನ ಹತ್ತಿರ ಬದುಕಿದ ಉಡಗಳಿದ್ದವು, ಬಾಯಿ ಹೊಲಿದಿದ್ದ. ಅವನ ಮೇಲೆ ನನಗೆ ಕನಿಕರವಿಲ್ಲ. ಕಾಯಿದೆ ಕೆಟ್ಟದ್ದು ಅಂತಲೂ ನಾನು ಹೇಳುವುದಿಲ್ಲ. ಹೆಬ್ಬಾವಿನ ಚರ್ಮ ಸುಲಿದು ಚೀಲ, ಚಪ್ಪಲಿ ಮಾಡುವ ಮಂದಿ ಇದ್ದರಂತೆ, ಅಂಥವರ ಕೈ ಕಟ್ಟಬೇಕಿತ್ತು. ಆದರೆ ಕಾಯಿದೆಗೆ ಹೊಲಿದ ಬಾಯಿಯೂ ಒಂದೇ, ನನ್ನ ಗಂಡ ಎರಡು ಬೆರಳಿನಿಂದ ಬಿಡಿಸುವ ಬಾಯಿಯೂ ಒಂದೇ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇವರು ಸಿಕ್ಕಿಬಿದ್ದಿದ್ದು ಮುದ್ದೇಬಿಹಾಳದಲ್ಲಿ. ನಿಡಗುಂದಿಯಲ್ಲಿ ಬಸ್ಸು ಬದಲಿಸುವಾಗಲೇ ಯಾರೋ ಎಚ್ಚರಿಸಿದ್ದರಂತೆ, ಇವರು ನಂಬಲಿಲ್ಲ. ಹಲ್ಲಿನ ಮಾತು ಹೇಳಿ ಜನರನ್ನು ನಗಿಸುತ್ತಿರುವಾಗ ಜನ ಒಮ್ಮೆಲೇ ಸರಿದು ದಾರಿ ಬಿಟ್ಟರು. ಅರಣ್ಯ ಇಲಾಖೆಯ ಸಾಹೇಬರು, ಅವರ ಹಿಂದೆ ಒಬ್ಬ ಗಾರ್ಡ್ ಬಂದು ನಿಂತಿದ್ದರು. ಸಾಹೇಬರು ಮೈಸೂರು ಕಡೆಯವರು, ಜಿಲ್ಲೆಗೆ ಹೊಸಬರು. ಗಾರ್ಡ್ ನಮ್ಮ ಕಡೆಯವನು. ಸಾಹೇಬರು ಇವರನ್ನು ವಿಜಾಪುರದ ಕಚೇರಿಗೆ ಬರಹೇಳಿದರು.

ಇವರು ಹೋದರು. ಲೈಸನ್ಸ್ ಕೊಡ್ರಿ, ಏನು ಕೇಳಿದರೂ ಬರೆದುಕೊಡುತ್ತೇನೆ ಅಂತ ಕೈ ಮುಗಿದರು. ಮನೆಯಲ್ಲಿ ಇಂಥ ಪ್ರಾಣಿ ಇದ್ದವರು ಕಾಯಿದೆ ಬಂದ ಹೊಸದರಲ್ಲೇ ತಿಳಿಸಬೇಕಿತ್ತಂತೆ, ಆ ಅವಧಿ ಎಂದೋ ಮುಗಿದಿತ್ತು. ಸರಕಾರದ ಗೆಜೆಟ್ಟಿನಲ್ಲಿ ಹಾಕಿದ್ದರಂತೆ. ಇಂಡಿಯಲ್ಲಿ ಗೆಜೆಟ್ಟು ಓದಿ ಹಲ್ಲುಪುಡಿ ಕುಟ್ಟಲು ಕೂರುವವರು ಯಾರಿದ್ದಾರೆ? ಆದರೆ ಆ ಸಾಹೇಬರು ಕೆಟ್ಟವರಲ್ಲ. ಅವರು ಹೇಳಿದ ಮಾತನ್ನು ಇವರು ಅವರ ದನಿಯಲ್ಲೇ ನನಗೆ ಹೇಳಿ ತೋರಿಸಿದ್ದರು: "ನೋಡಿ, ನಿಮ್ಮ ಮೇಲೆ ಕೇಸು ಹಾಕೋಕೆ ನನಗೂ ಇಷ್ಟ ಇಲ್ಲ. ಅದನ್ನ ಅರಣ್ಯಕ್ಕೆ ಬಿಟ್ಟುಬಿಡಿ. ನಾನು ಇಂಡಿಗೆ ಬಂದಾಗ ಅದು ನಿಮ್ಮನೇಲಿ ಇರಬಾರದು."

ಇಷ್ಟು ಹೇಳಿ ಅವರು ಎದ್ದು ಜೀಪಿನ ಕಡೆ ನಡೆದರು. ಹೆದರಿ ಬೆವತಿದ್ದ ಇವರಿಗೆ ಆ ಸರಸರ ಮಾತು ಅರ್ಧ ತಿಳಿಯಿತು, ಅರ್ಧ ಇಲ್ಲ. ಬಾಗಿಲಲ್ಲಿದ್ದ ಗಾರ್ಡನನ್ನು ಕೇಳಿದರು, "ಏನಂದ್ರಪಾ ಸಾಹೇಬ್ರು?"

"ಅಡವ್ಯಾಗ ಬಿಡ್ರಿ ಅಂದ್ರು. ಅಡವ್ಯಾಗ ಬಿಟ್ಟ ಕೈ ತೊಳಕೋರಿ, ಮುಗೀತು" ಅಂದ ಅವನು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಶಬ್ದಕೋಶ ತೆಗೆದರೆ ಅಡವಿ ಅಂದರೆ ಅರಣ್ಯ ಅಂತಲೇ ಇದೆ. ಅದನ್ನು ಬರೆದವರು ನಮ್ಮ ಕಡೆ ಬಂದವರಲ್ಲ ಅಂತ ಕಾಣುತ್ತದೆ. ನಮ್ಮ ಕಡೆ ಅಡವಿ ಅಂದರೆ ಊರ ಹೊರಗಿನ ಹೊಲ. ಜೋಳ ಬೆಳೆಯುವುದು ಅಡವಿಯಲ್ಲಿ, ಬುತ್ತಿ ಒಯ್ಯುವುದು ಅಡವಿಗೆ, "ಅಪ್ಪ ಅಡವಿಗೆ ಹೋಗ್ಯಾನ" ಅಂದರೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿದ್ದಾನೆ ಅಂತ. ನಿಂತು ನೋಡಿದರೆ ಮುಂದಿನ ಊರಿನ ಗುಡಿ ಕಾಣುವ ಬಯಲು ನಾಡು ನಮ್ಮದು, ನಮಗೆ ಬೇರೆ ಅಡವಿ ಎಲ್ಲಿಂದ ಬರಬೇಕು? ಸಾಹೇಬರು ಹೇಳಿದ್ದು ದಾಂಡೇಲಿಯಂಥ ಕಾಡು. ಗಾರ್ಡ್ ಹೇಳಿದ್ದು ಅಡವಿ. ಇವರು ಕೇಳಿಸಿಕೊಂಡಿದ್ದು ಹೊಲ. ಮೂವರಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ.

ಇವರು ಮನೆಗೆ ಬಂದು ಯಾವ ಅಡವಿ ಒಳ್ಳೆಯದು ಅಂತ ಯೋಚಿಸಿದರು. ನನಗೆ ಹೇಳಿ ಕಳಿಸಿದರು, ಯಾಕೆಂದರೆ ನಾನು ಅಷ್ಟರಲ್ಲಿ ಚೊಚ್ಚಲ ಬಾಣಂತನಕ್ಕೆ ಅಗರಖೇಡಕ್ಕೆ ಬಂದಿದ್ದೆ. ಇಂಡಿಯ ಸುತ್ತ ನೀರಿಲ್ಲ, ಸಾಲೋಟಗಿ ಕಡೆ ದಾರಿಯಲ್ಲಿ ಜನ ಜಾಸ್ತಿ. ನಮ್ಮಣ್ಣನ ಹೊಲ ಭೀಮಾನದಿಯ ಹತ್ತಿರ, ಬೇಸಿಗೆಯಲ್ಲೂ ಬದುವಿನಲ್ಲಿ ಹಸಿ ಇರುತ್ತದೆ, ಇಲಿಗಳಿಗೆ ಬರವಿಲ್ಲ, ಜೋಳ ಆಳೆತ್ತರ ನಿಂತಿದೆ. ಅಲ್ಲಿಗೇ ತರುತ್ತೇನೆ ಅಂದರು. ಅಣ್ಣ ಒಪ್ಪಿದ. ಆಳುಗಳಿಗೆ ಮಾತ್ರ ಹೇಳುವುದು ಬೇಡ ಅಂದ. ಹೊಲದಲ್ಲಿ ಹೆಬ್ಬಾವಿದೆ ಅಂದರೆ ಸುಗ್ಗಿಗೆ ಒಬ್ಬರೂ ಕಾಲಿಡುವುದಿಲ್ಲ, ಮಾತು ಊರೂರು ತಿರುಗಿ ಸಾಹೇಬರ ತನಕ ಹೋಗುತ್ತದೆ ಅಂತ ಅವನ ಹೆದರಿಕೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಇವರು ಬಸ್ಸಿಳಿದು ಬಂದರು, ಹೆಗಲ ಮೇಲೆ ಅದೇ ಹಾಸಿಗೆ. ನಮ್ಮವ್ವ ಅದನ್ನು ನೋಡಿ, ಅಳಿಯ ಹಾಸಿಗೆ ತಂದಿದ್ದಾರೆ ಅಂದರೆ ಹೆರಿಗೆಯ ತನಕ ಇರುತ್ತಾರೆ ಅಂತ ಸಂಭ್ರಮದಿಂದ ಹೋಳಿಗೆಗೆ ಬೇಳೆ ಹಾಕಿದಳು. ನಾನು ಅವಳನ್ನು ಒಳಗೆ ಕರೆದು ವಿಷಯ ಹೇಳಿದೆ. ಬೇಳೆ ಒಲೆಯ ಮೇಲೇ ಉಳಿಯಿತು.

ಅಣ್ಣ, ಇವರು, ಹಿಂದೆ ನಾನು ಹೊಲಕ್ಕೆ ಹೋದೆವು. ನನ್ನನ್ನು ಬದುವಿನಲ್ಲೇ ನಿಲ್ಲಿಸಿದರು. ತಿಂಗಳುಗಟ್ಟಲೆ ನೋಡಿಲ್ಲ, ಇವತ್ತೊಂದು ದಿನ ಹತ್ತಿರ ಬರುತ್ತೇನೆ ಅಂದೆ.

"ಬ್ಯಾಡ, ದೂರ ನಿಂದರು" ಅಂದರು. "ಇಷ್ಟ ದಿನ ನಾ ಇದ್ನಿ. ಇನ್ನ ಮ್ಯಾಲ ಅದಕ್ಕ ಕಣ್ಣ ಬೇಕಾಗ್ತಾವ."

ನಾನು ನಿಂತೆ. ಇವರು ಹಗ್ಗ ಬಿಚ್ಚಿ, ಕೌದಿ ಬಿಡಿಸಿ, ಅದನ್ನು ಜೋಳದ ಸಾಲಿನೊಳಗೆ ಮೆಲ್ಲಗೆ ಇಳಿಸಿದರು. ಅದು ಸ್ವಲ್ಪ ದೂರ ಹೋಗಿ, ನಿಂತು, ತಿರುಗಿ ಇವರ ಕಾಲ ಹತ್ತಿರ ಬಂತು. ಮತ್ತೆ ಒಯ್ದು ಬಿಟ್ಟರು. ಮತ್ತೆ ಬಂತು. ಕೌದಿಯ ಮೇಲೆ ಹತ್ತಿ ಸುತ್ತಿಕೊಳ್ಳಲು ನೋಡಿತು. ಅಣ್ಣ, "ಕೌದಿ ಇಲ್ಲೇ ಬಿಡ್ರಿ, ಅದರ ಮ್ಯಾಲರ ಮಲಗ್ತೈತಿ" ಅಂದ. ಇವರು ಒಲ್ಲೆ ಅಂದರು. ಕೌದಿ ಇದ್ದರೆ ಅದು ಅಡವಿ ಕಲಿಯುವುದಿಲ್ಲ ಅಂತ. ಕೌದಿಯನ್ನು ಅದರ ಕೆಳಗಿನಿಂದ ಎಳೆದು, ಕಂಕುಳಲ್ಲಿ ಇಟ್ಟುಕೊಂಡು, ಒಂದೇ ಉಸಿರಿಗೆ ಬದುವಿಗೆ ನಡೆದು ಬಂದರು. ತಿರುಗಿ ನೋಡಲಿಲ್ಲ. ನಾನು ನೋಡಿದೆ. ಅದು ಬಿಟ್ಟಲ್ಲೇ ಇತ್ತು, ಇವರು ಹೋದ ದಿಕ್ಕಿಗೆ ತಲೆ ಎತ್ತಿತ್ತು. ನಾನು ಅದಕ್ಕೆ ಎಷ್ಟು ಸಲ ಎಲ್ಲಾದರೂ ಹಾಳಾಗಿ ಹೋಗು ಅಂದಿದ್ದೆನೋ ಏನೋ. ಆವತ್ತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಇವರು ಇಂಡಿಗೆ ಹೋದರು. ಅಣ್ಣ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದ. ಮಣ್ಣಿನ ಮೇಲೆ ಹರಿದ ಗುರುತು ಕಂಡಿತು, ಇವತ್ತು ಬನ್ನಿಗಿಡದ ಬುಡದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು, ಒಂದು ಇಲಿ ನುಂಗಿರಬೇಕು, ಹೊಟ್ಟೆ ಉಬ್ಬಿದೆ. ಇಂಡಿಗೆ ಹೋಗುವವರು ಸಿಕ್ಕಾಗಲೆಲ್ಲ ನಾನು, "ಹಾಸಿಗಿ ಚೊಲೋ ಐತಿ ಅಂತ ಹೇಳ್ರಿ" ಅಂತ ಹೇಳಿ ಕಳಿಸುತ್ತಿದ್ದೆ. ಇವರಿಗೆ ತಿಳಿಯುತ್ತಿತ್ತು.

ಜೋಳ ಕೀಳಲು ಶುರುವಾದ ದಿನ ಅಣ್ಣ ಹೊಲದಲ್ಲಿ ಇರಬೇಕಿತ್ತು. ಅವನು ಮೊದಲೇ ಹೋಗಿ ಅದನ್ನು ನದಿಯ ಕಡೆ ಸರಿಸಿ ಬಿಡುವುದೆಂದು ಮಾತಾಗಿತ್ತು. ಹಿಂದಿನ ದಿನವೂ, ಆ ಬೆಳಿಗ್ಗೆಯೂ ಹುಡುಕಿದ, ಎಲ್ಲಿಯೂ ಕಾಣಲಿಲ್ಲ. ತಾನಾಗಿಯೇ ನದಿಗೆ ಹೋಗಿದೆ ಅಂತ ಸಮಾಧಾನ ಮಾಡಿಕೊಂಡು, ಕೆಲಸಕ್ಕೆ ಆಳು ಹಚ್ಚಿ, ಇವರಿಗೆ ತಿಳಿಸಲು ಇಂಡಿಗೆ ಹೋದ.

ಕೀಳಲು ಬಂದವರಲ್ಲಿ ಒಬ್ಬ ಗಂಡ ಹೆಂಡತಿ ಇದ್ದರು. ಅವರಿಗೊಂದು ಎಳೆ ಕೂಸು. ಚಳಿ ಇನ್ನೂ ಬಿಟ್ಟಿರಲಿಲ್ಲ. ಅವಳು ಬನ್ನಿಗಿಡದ ಕೆಳಗೆ ಬಿಸಿಲು ಬೀಳುವಲ್ಲಿ ಕೌದಿ ಹಾಸಿ ಕೂಸನ್ನು ಮಲಗಿಸಿ ಸಾಲಿಗೆ ಹೋದಳು. ಹಾಲು ಕುಡಿಸಲು ಬಂದಾಗ ಕೂಸು ನಿದ್ದೆಯಲ್ಲಿತ್ತು. ಕೌದಿಯ ಇನ್ನೊಂದು ತುದಿಯಲ್ಲಿ ಅದು ಸುತ್ತಿಕೊಂಡು ಮಲಗಿತ್ತು.

ನನಗೆ ಗೊತ್ತು ಅದು ಯಾಕೆ ಅಲ್ಲಿಗೆ ಬಂತು ಅಂತ. ಮರಿಯಿದ್ದಾಗಿನಿಂದ ಕೌದಿಯಲ್ಲೇ ಮಲಗಿದ್ದು ಅದು. ರಾತ್ರಿಯೆಲ್ಲ ಬಯಲಿನ ಚಳಿಗೆ ನಡುಗಿ, ಕೌದಿಯ ವಾಸನೆ ಹಿಡಿದು ಬಂದಿರಬೇಕು. ಆದರೆ ಆ ತಾಯಿಗೆ ಅದು ಹೇಗೆ ಗೊತ್ತಾಗಬೇಕು? ನಾನಾಗಿದ್ದರೂ ಕೂಗುತ್ತಿದ್ದೆ. ಅವಳು ಕೂಸನ್ನು ಕಸಿದುಕೊಂಡು ಓಡಿದಳು. ಗಂಡಸರು ಕುಡಗೋಲು, ಬಡಿಗೆ ಹಿಡಿದು ಬಂದರು. ಎರಡು ದಿನದ ಮೇಲೆ ಅವಳ ಗಂಡ ಅಣ್ಣನ ಮುಂದೆ ಕೂತು ಹೇಳಿದ ಮಾತನ್ನು ನಾನು ಬಾಗಿಲ ಮರೆಯಿಂದ ಕೇಳಿದೆ.

"ಮೊದಲನೇ ಏಟ ಬಿದ್ದ ಮ್ಯಾಲೂ ಓಡಲಿಲ್ರಿ ಅದು. ನಮ್ಮನ್ನ ನೋಡಕೋತನ ಇತ್ರಿ."

ಹೊಡೆದ ಮೇಲೆಯೇ ಅವರಿಗೆ ಗುರುತು ಹತ್ತಿದ್ದು. ಅವನ ಹೆಂಡತಿಯೇ ಮೊದಲು ಹೇಳಿದಳಂತೆ, ಇದು ಹಲ್ಲುಪುಡಿಯವರ ಹಾವು, ಇಂಡಿ ಸಂತೆಯಲ್ಲಿ ನಾನು ಇದರ ಬೆನ್ನು ಮುಟ್ಟಿದ್ದೆ ಅಂತ. ಆಮೇಲೆ ಆ ಹೊಲದಲ್ಲಿ ಆ ದಿನ ಯಾರೂ ಜೋಳ ಕೀಳಲಿಲ್ಲ.

ಆದರೆ ಅಷ್ಟು ದೊಡ್ಡ ಹಾವು ಸತ್ತ ಸುದ್ದಿಯನ್ನು ಯಾರು ಹಿಡಿದಿಡುತ್ತಾರೆ? ಹೆಣವನ್ನು ಬಂಡಿಯಲ್ಲಿ ಹಾಕಿ ತಂದು ಚಾವಡಿಯ ಮುಂದೆ ಇಳಿಸಿದರು. ಸುತ್ತಲ ಊರಿನವರು ಸಾಲು ಹಿಡಿದು ಬಂದರು. ಇಂಡಿಯ ಬಸ್ ನಿಲ್ದಾಣದಲ್ಲಿ ಇವರಿಗೂ ಅಣ್ಣನಿಗೂ ಒಟ್ಟಿಗೇ ಸುದ್ದಿ ಮುಟ್ಟಿತು, ಅಗರಖೇಡದ ಅಡವಿಯಲ್ಲಿ ಹೆಬ್ಬಾವು ಹೊಡೆದಿದ್ದಾರೆ, ನೋಡಲು ಹೋಗೋಣ ಬರ್ರಿ ಅಂತ. ಇಬ್ಬರೂ ಮರುದಿನ ಬೆಳಿಗ್ಗೆ ಬಂದರು. ಅವರ ಹಿಂದೆಯೇ ಜೀಪು ಬಂತು. ಅದೇ ಸಾಹೇಬರು, ಅದೇ ಗಾರ್ಡ್.

ನಾನು ಹೆಂಗಸರ ಜೊತೆ ಗುಡಿಯ ಕಟ್ಟೆಯ ಹತ್ತಿರ ನಿಂತಿದ್ದೆ. ಅದು ನೆಲದ ಮೇಲೆ ನೀಳವಾಗಿ ಬಿದ್ದಿತ್ತು. ಯಾರೋ ಅಳತೆ ನೋಡಲು ಎಳೆದು ನೆಟ್ಟಗೆ ಮಾಡಿದ್ದರು. ಅದು ಹಾಗೆ ನೆಟ್ಟಗೆ ಮಲಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಕೂಸಿನ ತಾಯಿ ನನ್ನಿಂದ ಸ್ವಲ್ಪ ದೂರದಲ್ಲಿ ಕೂಸನ್ನು ಅವಚಿಕೊಂಡು ಅಳುತ್ತಿದ್ದಳು. ಅವಳ ಗಂಡನನ್ನೂ ಇನ್ನಿಬ್ಬರನ್ನೂ ಚಾವಡಿಯ ಮೆಟ್ಟಿಲ ಹತ್ತಿರ ಕೂರಿಸಿದ್ದರು.

ಸಾಹೇಬರು ಜನರ ನಡುವೆ ಇವರನ್ನು ಗುರುತು ಹಿಡಿದರು. ಹತ್ತಿರ ಕರೆದರು. ಎಲ್ಲರಿಗೂ ಕೇಳಿಸುವಂತೆ, ಆದರೆ ನಿಧಾನವಾಗಿ ಹೇಳಿದರು:

"ಇದು ತಾನಾಗಿ ಬಂದ ಹಾವಾದರೆ, ಮಗುವಿನ ಜೀವ ಉಳಿಸೋಕೆ ಹೊಡೆದರು ಅಂತ ಬರೆದು ಮುಗಿಸ್ತೀನಿ. ಸಾಕಿದ ಹಾವಾದರೆ ಇಲ್ಲಿ ತಂದು ಬಿಟ್ಟವನ ಮೇಲೂ ಕೇಸು, ಹೊಡೆದವರ ಮೇಲೂ ಕೇಸು. ಸರಿಯಾಗಿ ನೋಡಿ ಹೇಳಿ. ಇದು ನಿಮ್ಮ ಹಾವಾ?"

ಇಡೀ ಅಗರಖೇಡ ಅಲ್ಲಿತ್ತು. ನಮ್ಮ ಮದುವೆಯಾದ ಮೇಲೆ ಇವರ ಪುಡಿಯಿಂದ ಹಲ್ಲು ತಿಕ್ಕದ ಮನೆ ಆ ಊರಲ್ಲಿ ಇರಲಿಲ್ಲ, ಇಂಡಿ ಸಂತೆಯಲ್ಲಿ ಅದರ ಬೆನ್ನು ಸವರದ ಮಕ್ಕಳಿರಲಿಲ್ಲ. ಒಬ್ಬರೂ ಉಸಿರೆತ್ತಲಿಲ್ಲ. ಗಾರ್ಡ್ ತಲೆ ತಗ್ಗಿಸಿ ತನ್ನ ಬೂಟು ನೋಡುತ್ತ ನಿಂತಿದ್ದ.

ಇವರು ಅದರ ಹತ್ತಿರ ಹೋದರು. ತಲೆಯಿಂದ ಬಾಲದ ತನಕ ನೋಡಿದರು. ಬಗ್ಗಲಿಲ್ಲ, ಮುಟ್ಟಲಿಲ್ಲ. ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡಿದ್ದರು. ನಾನು ಹಿಂದಿನಿಂದ ನೋಡುತ್ತಿದ್ದೆ, ಒಂದು ಕೈ ಇನ್ನೊಂದು ಕೈಯನ್ನು ಉಗುರು ನಾಟುವಂತೆ ಹಿಡಿದಿತ್ತು. ಆಮೇಲೆ ಮೆಟ್ಟಿಲ ಹತ್ತಿರ ಕೂತವನನ್ನು ನೋಡಿದರು. ಕೂಸಿನ ಕಡೆ ನೋಡಿದರು.

"ಅಲ್ರಿ ಸಾಹೇಬ್ರ" ಅಂದರು. "ನಮ್ಮದಲ್ಲ ಇದು."

"ನಿಮ್ಮದನ್ನ ಎಲ್ಲಿ ಬಿಟ್ರಿ?"

"ದಾಂಡೇಲಿಗೆ ಹೋಗಿ ಬಿಟ್ಟ ಬಂದೇನ್ರಿ. ನೀವ ಹೇಳಿದಂಗ."

"ಹಾಗಾದರೆ ಇದನ್ನ ನೀವು ಮೊದಲು ನೋಡಿಲ್ಲ?"

ಬರೀ ಹೂಂ ಅಂದು ಮುಗಿಸುವಂತಿದ್ದರೆ ಎಷ್ಟೋ ಸುಲಭವಿತ್ತು. ಆದರೆ ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಹೇಳಲೇಬೇಕಿತ್ತು. ಸಂತೆಯಲ್ಲಿ ನಾಲ್ಕು ಸಾಲು ಆಚೆಗೆ ಕೇಳಿಸುತ್ತಿದ್ದ ದನಿ, ಗುಡಿಯ ಕಟ್ಟೆಯ ತನಕ ಬರಲು ತ್ರಾಣವಿಲ್ಲದಂತೆ ಬಂತು. "ಎಂದೂ ನೋಡಿಲ್ರಿ."

ಸಾಹೇಬರು ಇವರ ಮುಖವನ್ನೇ ನೋಡಿದರು. ಅವರಿಗೂ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ಸರಿ, ಸುಟ್ಟುಬಿಡಿ ಅಂತ ಹೇಳಿ ಚಾವಡಿಯೊಳಗೆ ಹೋದರು. ಮೆಟ್ಟಿಲ ಹತ್ತಿರ ಕೂತಿದ್ದವನು ಎದ್ದು ಬಂದು ಇವರ ಕಾಲಿಗೆ ಬೀಳಲು ಹೋದ. ಇವರು ಅವನ ರಟ್ಟೆ ಹಿಡಿದು ನಿಲ್ಲಿಸಿ, "ಸಾಹೇಬ್ರು ನೋಡ್ಯಾರು, ಸುಮ್ಮನಿರು" ಅಂತ ಪಿಸುಗುಟ್ಟಿದರು.

ಊರ ಹೊರಗೆ ಒಯ್ದು ಸುಟ್ಟರು. ಜಾಲಿಯ ಕಟ್ಟಿಗೆ ಒಟ್ಟಿದವರು ಬೇರೆಯವರು, ಬೆಂಕಿ ಹಚ್ಚಿದವರು ಬೇರೆಯವರು. ಗಾರ್ಡ್ ಅಲ್ಲೇ ಕಾಯುತ್ತ ನಿಂತಿದ್ದರಿಂದ ಇವರು ಮುಂದೆ ಹೋಗುವಂತಿರಲಿಲ್ಲ. ನೋಡಲು ಬಂದ ಪರಊರಿನವರ ನಡುವೆ ಪರಊರಿನವರಂತೆ ನಿಂತಿದ್ದರಂತೆ. ಪಕ್ಕದಲ್ಲಿದ್ದ ಯಾರೋ ಇವರನ್ನು, "ಯಾವ ಊರವ್ರಿ ನೀವು? ಇಷ್ಟ ದೊಡ್ಡ ಹಾವ ಮೊದಲ ನೋಡಿದ್ದಿರೇನು?" ಅಂತ ಕೇಳಿದ್ದನ್ನು ಅಣ್ಣ ಬಹಳ ವರ್ಷಗಳ ಮೇಲೆ ನನಗೆ ಹೇಳಿದ. ಇವರು ಏನು ಉತ್ತರ ಕೊಟ್ಟರು ಅಂತ ನಾನು ಕೇಳಲಿಲ್ಲ.

ಹೊತ್ತು ಇಳಿಯುವಾಗ ಇಬ್ಬರೂ ಮನೆಗೆ ಬಂದರು. ಅಣ್ಣ ಕಾಲು ತೊಳೆದು ಒಳಗೆ ಹೋದ. ಇವರು ಒಳಗೆ ಬರಲಿಲ್ಲ. ಹೊಸ್ತಿಲಿನ ಹೊರಗೆ ಅಂಗಳದಲ್ಲಿ ನಿಂತು ಅಂಗಿ ಬಿಚ್ಚಿದರು.

"ನೀರ ತಾ" ಅಂದರು.

ಹೆಣ ಸುಟ್ಟು ಬಂದವರು ಮಾತ್ರ ಹಾಗೆ ಹೊರಗೆ ನಿಂತು ನೀರು ಕೇಳುವುದು. ನಮ್ಮವ್ವ ಹಂಡೆಯಿಂದ ನೀರು ತುಂಬಿ ಕೊಡವನ್ನು ನನ್ನ ಮುಂದೆ ತಂದಿಟ್ಟಳು. ಬಸುರಿ ಇಂಥ ನೀರು ಹಾಕಬಾರದು ಅಂತ ಆ ದಿನ ಅವಳು ಅನ್ನಲಿಲ್ಲ. ಇವರು ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತರು. ನಾನು ತಂಬಿಗೆಯಲ್ಲಿ ಮೊಗೆದು ತಲೆಯ ಮೇಲೆ ಸುರಿದೆ.

ಎದುರು ಮನೆಯ ಮುದುಕಿ ಆಯಿ, ಪರಊರಿನ ಮಗಳ ಮನೆಯಿಂದ ಆಗ ತಾನೇ ಬಂದಿದ್ದಳು. ಅವಳಿಗೆ ಊರಿನ ಸುದ್ದಿ ಏನೂ ಗೊತ್ತಿರಲಿಲ್ಲ. ಅಂಗಳದಲ್ಲಿ ನಮ್ಮನ್ನು ಕಂಡು ಗಾಬರಿಯಾಗಿ, ಕೈಯ ಗಂಟು ಅಲ್ಲೇ ಇಟ್ಟು, ಬೇಲಿಯ ತನಕ ಬಂದಳು. ಜೀಪು ಇನ್ನೂ ಚಾವಡಿಯ ಹತ್ತಿರವೇ ನಿಂತಿತ್ತು.

"ಯಾರ ತೀರಕೊಂಡ್ರಪಾ?" ಅಂದಳು.

ಇವರು ತಲೆ ಎತ್ತಲಿಲ್ಲ. ಮುಖದ ಮೇಲೆ ನೀರು ಇಳಿಯುತ್ತಿತ್ತು.

"ಯಾರೂ ಇಲ್ರಿ ಆಯಿ" ಅಂದರು. ನಾನು ಮತ್ತೊಂದು ತಂಬಿಗೆ ಸುರಿದೆ.